ಕೈ ಒಳಗಿದೆ

"ಆ ಕಸದವಳ ಕೈ ನನ್ನ ಕಾರೊಳಗೆ ಯಾಕಿದೆ?"

ಕೇಳಿದವನು ಕಾರಿನ ಒಡೆಯ. ಕೇಳಿದ್ದು ಗ್ಯಾರೇಜಿನ ಯಜಮಾನನನ್ನು. ಪಕ್ಕದಲ್ಲೇ ಬಗ್ಗಿ ನಿಂತಿದ್ದ ಕೈಯ ಒಡತಿಯನ್ನು ಅವನು ಕೇಳಲೂ ಇಲ್ಲ, ನೋಡಲೂ ಇಲ್ಲ.

"ಅಯ್ಯೋ ಸಾರ್, ಒರೆಸ್ತಾ ಇದ್ದಾಳೆ ಅಷ್ಟೇ," ಎಂದ ಯಜಮಾನ. "ಏಯ್, ತೆಗಿಯೇ ಕೈನ. ಒರೆಸಿದ್ದು ಸಾಕು."

ಇಂಜಿನ್ನಿನ ಪಕ್ಕದ ಸಂದಿಯಲ್ಲಿ ಮೊಣಕೈವರೆಗೆ ಇಳಿದಿದ್ದ ಕೈಯನ್ನು ಹಾಗೆಲ್ಲ ತಟ್ಟನೆ ತೆಗೆಯುವಂತಿರಲಿಲ್ಲ. ಅವಳ ಬಲಗೈ ಉದ್ದನೆಯ ಸ್ಪ್ಯಾನರ್ ಒತ್ತಿ ಹಿಡಿದಿತ್ತು. ಎಡಗೈ ಹೊಸ ಬೆಲ್ಟಿನ ಕೊನೆಯ ಸುತ್ತನ್ನು ಪುಲ್ಲಿಯ ಮೇಲೆ ಏರಿಸುತ್ತಿತ್ತು. ಒತ್ತಿದ್ದನ್ನು ಈಗ ಬಿಟ್ಟರೆ ಸ್ಪ್ರಿಂಗು ಬೆರಳನ್ನೇ ಕಚ್ಚುತ್ತಿತ್ತು. ಆದ್ದರಿಂದ ಅವಳು ಕಿವಿ ಕೇಳಿಸದವಳಂತೆ ಇನ್ನೆರಡು ಉಸಿರು ಕಾದು, ಬೆಲ್ಟು ಸರಿಯಾಗಿ ಕೂತ ಮೇಲೆ ಕೈ ಮೇಲಕ್ಕೆ ತೆಗೆದಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆ ಎಳೆದುಕೊಂಡು ಇಂಜಿನ್ನಿನ ಮೇಲುಮುಚ್ಚಳವನ್ನು ಚೆನ್ನಾಗಿ ಒರೆಸಿದಳು. ಯಜಮಾನನೇ ಒರೆಸುತ್ತಿದ್ದಾಳೆ ಎಂದ ಮೇಲೆ ಒರೆಸಬೇಡವೇ? ಊಟ ಕೊಡುವ ಮನುಷ್ಯನನ್ನು ಸುಳ್ಳುಗಾರನನ್ನಾಗಿ ಮಾಡುವುದು ಅವಳಿಗೆ ಇಷ್ಟವಿರಲಿಲ್ಲ.

"ಬೆಲ್ಟು ಹಾಕೋರು ನಮ್ಮ ಇಂಜಿನಿಯರು," ಎಂದು ಯಜಮಾನ ತನ್ನ ಭಾಮೈದನನ್ನು ತೋರಿಸಿದ. ಭಾಮೈದ ಬಿಳಿ ಕೋಟಿನ ಜೇಬಿನಿಂದ ಪೆನ್ನು ತೆಗೆದು, ಕಾರಿನ ಕಡೆ ನೋಡಿ, ಗಂಭೀರವಾಗಿ ತಲೆ ಆಡಿಸಿ, ಪೆನ್ನನ್ನು ಮತ್ತೆ ಜೇಬಿಗಿಟ್ಟ.

"ಅವಳು ಮುಟ್ಟಿದ ಕಡೆ ತೊಳೆಸಿಬಿಡಿ," ಎಂದ ಒಡೆಯ.

"ಈಗ್ಲೇ ತೊಳೆಸ್ತೀನಿ ಸಾರ್. ಏಯ್."

ತಾನು ಮುಟ್ಟಿದ ಜಾಗವನ್ನು ತಾನೇ ಮತ್ತೊಮ್ಮೆ ಮುಟ್ಟಿ ತೊಳೆದು ಅವಳು ಶುದ್ಧ ಮಾಡಿಕೊಟ್ಟಳು. ಒಡೆಯ ಸಮಾಧಾನದಿಂದ ಕಾರು ಹತ್ತಿ ಹೋದ. ಇಂಜಿನ್ನು ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಿತು.

ಗ್ಯಾರೇಜಿನ ರಿಜಿಸ್ಟರಿನಲ್ಲಿ ಅವಳು ಕಸ ಗುಡಿಸುವವಳು. ಹದಿನೆಂಟು ವರ್ಷ ಅಲ್ಲಿ ಗುಡಿಸುತ್ತಿದ್ದ ಅವಳ ಅತ್ತೆಯ ಮಂಡಿ ಕೈಕೊಟ್ಟಾಗ, ಪೊರಕೆ ಸೊಸೆಯ ಕೈಗೆ ಬಂತು. ಗಂಡ ಜ್ವರದಲ್ಲಿ ತೀರಿಕೊಂಡು ಆಗ ವರ್ಷವೂ ತುಂಬಿರಲಿಲ್ಲ. ಬಂದ ಎರಡನೇ ತಿಂಗಳಲ್ಲಿ ಒಂದು ದಿನ ಹಳೇ ಮೇಸ್ತ್ರಿಯ ಕೈಯಿಂದ ಒಂದು ಬೋಲ್ಟು ಜಾರಿ ಇಂಜಿನ್ನಿನ ಸಂದಿಗೆ ಬಿತ್ತು. ಮೇಸ್ತ್ರಿಯ ಬೆರಳುಗಳು ಬಾಳೆಕಾಯಿಯಂಥವು, ಸಂದಿಗೆ ಹೋಗಲಿಲ್ಲ. ಇವಳು ಪೊರಕೆ ಒರಗಿಸಿಟ್ಟು, ಕೈ ಇಳಿಬಿಟ್ಟು, ಬೋಲ್ಟನ್ನು ಎತ್ತಿ ಅವನ ಅಂಗೈಯಲ್ಲಿಟ್ಟಳು. "ಇನ್ಮೇಲೆ ನಿನ್ನ ಹೆಸರು ಸಣ್ಣಕೈ," ಎಂದ ಮೇಸ್ತ್ರಿ. ಅಂದಿನಿಂದ ಗ್ಯಾರೇಜಿನಲ್ಲಿ ಅವಳ ನಿಜವಾದ ಹೆಸರು ಕರೆದವರಿಲ್ಲ. ಯಜಮಾನ ಮಾತ್ರ 'ಏಯ್' ಅನ್ನುವುದನ್ನು ಬಿಡಲಿಲ್ಲ. ಅವಳ ಅತ್ತೆಯನ್ನೂ ಈ ಯಜಮಾನನ ಅಪ್ಪ ಹಾಗೇ ಕರೆಯುತ್ತಿದ್ದ. ಹೆಸರು ಹಿಡಿದು ಕರೆದರೆ ನಾಲಿಗೆ ಸವೆದೀತೆಂಬ ಭಯ ಆ ಮನೆತನದಲ್ಲೇ ಇತ್ತೋ ಏನೋ.

ಮೇಸ್ತ್ರಿ ಬದುಕಿರುವ ತನಕ ತನಗೆ ಗೊತ್ತಿದ್ದುದನ್ನೆಲ್ಲ ಅವಳಿಗೆ ಹೇಳಿಕೊಟ್ಟ. ಇಂಜಿನ್ನಿನ ಒಂದು ಪಕ್ಕದಲ್ಲಿ ಐದಾರು ಚಕ್ರಗಳಿರುತ್ತವೆ, ಅವೇ ಪುಲ್ಲಿಗಳು. ಬ್ಯಾಟರಿಗೆ ಕರೆಂಟು ಕೊಡುವುದಕ್ಕೆ ಒಂದು, ನೀರು ತಿರುಗಿಸುವುದಕ್ಕೆ ಒಂದು, ಸ್ಟಿಯರಿಂಗು ಹಗುರ ಮಾಡುವುದಕ್ಕೆ ಒಂದು, ಒಳಗೆ ಕೂತವರಿಗೆ ತಣ್ಣನೆ ಗಾಳಿ ಹೊಡೆಯುವುದಕ್ಕೆ ಒಂದು. ಇವೆಲ್ಲವನ್ನೂ ಒಂದೇ ಒಂದು ಕಪ್ಪು ಬೆಲ್ಟು ಸುತ್ತಿ ತಿರುಗಿಸುತ್ತದೆ. ಬೆಲ್ಟು ಸಡಿಲವಾಗದಂತೆ ಸ್ಪ್ರಿಂಗಿನ ಜೋರಿನಲ್ಲಿ ಬಿಗಿಹಿಡಿಯುವ ಪುಲ್ಲಿಗೆ ಟೆನ್ಷನರ್ ಎಂದು ಹೆಸರು. ಕೂಗುವ ಬೆಲ್ಟಿಗೆ ಎಣ್ಣೆ ಚಿಮುಕಿಸಿ ಬಾಯಿ ಮುಚ್ಚಿಸುವವನು ಮೋಸಗಾರ. ಬೆಲ್ಟು ಬದಲಿಸಿ ಅದನ್ನು ಹಿಡಿಯುವ ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡದವನು ಸೋಮಾರಿ. ಇಷ್ಟು ಹೇಳಿ ಮೇಸ್ತ್ರಿ ಒಂದು ಚಳಿಗಾಲದಲ್ಲಿ ಹೋಗಿಬಿಟ್ಟ. ಅವನ ಕೆಲಸ ಸಣ್ಣಕೈಗೆ ಬಂತು, ಅವನ ಅಂಗಿ ಬರಲಿಲ್ಲ. ಬೆಳಿಗ್ಗೆ ಒಂದು ಗಂಟೆ ಗುಡಿಸಿ, ಉಳಿದ ಹೊತ್ತೆಲ್ಲ ಬೆಲ್ಟು ಹಾಕಿ, ಸಂಜೆ ಮತ್ತೆ ಗುಡಿಸಿ ಮನೆಗೆ ಹೋಗುತ್ತಿದ್ದಳು.

ಹೀಗಿರುವಾಗ ಒಂದು ದೊಡ್ಡ ಕಂಪನಿಯವರು ತಮ್ಮ ಕಾರುಗಳನ್ನು ರಿಪೇರಿಗೆ ಈ ಗ್ಯಾರೇಜಿಗೇ ಕಳಿಸಲು ಒಪ್ಪಿದರು. ಆದರೆ ಒಂದು ಷರತ್ತು. ಅವರ ಕಡೆಯ ಪರೀಕ್ಷಕ ಬಂದು ಮೆಕ್ಯಾನಿಕ್ಕುಗಳ ಕೆಲಸ ನೋಡಿ ಸರ್ಟಿಫಿಕೇಟು ಕೊಡಬೇಕು. ಬೆಲ್ಟು ಬದಲಿಸುವುದೇ ಪರೀಕ್ಷೆ.

ಸುದ್ದಿ ಕೇಳಿದ ದಿನ ಸಣ್ಣಕೈ ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು ಯಜಮಾನನ ಕೋಣೆಯ ಬಾಗಿಲಲ್ಲಿ ನಿಂತಳು.

"ಯಜಮಾನ್ರೇ, ಪರೀಕ್ಷೆಗೆ ನನ್ನ ಹೆಸರೂ ಬರೀರಿ."

ಯಜಮಾನ ಮೊದಲು ಅರ್ಥವಾಗದವನಂತೆ ನೋಡಿದ. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕ.

"ಪೊರಕೆಗೂ ಸರ್ಟಿಫಿಕೇಟು ಬೇಕಾ?"

"ಪೊರಕೆಗಲ್ಲ, ಬೆಲ್ಟಿಗೆ. ಇಲ್ಲಿ ಹಾಕೋಳು ನಾನೊಬ್ಬಳೇ ಅಲ್ವಾ?"

"ಹಾಕ್ತೀಯ. ಯಾರು ಇಲ್ಲ ಅಂದ್ರು? ಹಾಕೋದು ಬೇರೆ, ಬರೆಯೋದು ಬೇರೆ. ಕಸದವಳು ಬೆಲ್ಟು ಹಾಕ್ತಾಳೆ ಅಂತ ಗೊತ್ತಾದ್ರೆ ಯಾವ ಮಾನವಂತ ಕಾರು ತರ್ತಾನೆ ಇಲ್ಲಿಗೆ?" ಅವನು ದನಿ ಇಳಿಸಿದ. "ನೋಡು, ನೀನು ನಮ್ಮೋಳು. ಪರೀಕ್ಷೆ ಕೊಡೋದು ನಮ್ಮ ಇಂಜಿನಿಯರು. ನೀನು ಕಾರಿನ ಕೆಳಗಿನ ಗುಂಡಿಯೊಳಗೆ ಇರು. ಕೆಳಗಿಂದ ಕೆಲಸ ಮಾಡು, ಮೇಲಿಂದ ಅವನು ಮಾಡಿದ ಹಾಗೆ ಮಾಡ್ತಾನೆ. ಪಾಸಾಗ್ಲಿ, ಆಮೇಲೆ ನಿನ್ನನ್ನೂ ಮೆಕ್ಯಾನಿಕ್ ಅಂತ ಬರೀತೀನಿ."

"ಬರೀದೇ ಇದ್ರೆ?"

"ಏಯ್, ನಾಲಿಗೆ ಉದ್ದ ಆಯ್ತು ನಿಂದು. ನಾಳೆಯಿಂದ ಪೊರಕೆ ಹಿಡಿಯೋಕೆ ನೂರು ಜನ ಸಿಕ್ತಾರೆ."

ಅದು ನಿಜವಾಗಿತ್ತು. ಬೆಲ್ಟು ಹಾಕಲು ನೂರು ಜನ ಸಿಗುತ್ತಾರೋ ಇಲ್ಲವೋ ಎಂಬುದನ್ನು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಭಾಮೈದನಿಗೆ ಬೆಲ್ಟಿನ ದಾರಿ ಕಲಿಸುವ ಕೆಲಸವೂ ಅವಳದೇ ಆಯಿತು. ಅವನ ಕೋಟು ಯಾವಾಗಲೂ ಮಡಿಕೆ ಮುರಿಯದೆ ಇರುತ್ತಿದ್ದುದರಿಂದ ಕೆಲಸಗಾರರೆಲ್ಲ ಬೆನ್ನ ಹಿಂದೆ ಅವನನ್ನು ಇಸ್ತ್ರಿ ಎನ್ನುತ್ತಿದ್ದರು. ಕೆಟ್ಟ ಮನುಷ್ಯನೇನಲ್ಲ. ಅಕ್ಕನ ಗಂಡನ ಅನ್ನ ತಿನ್ನುವವರಿಗೆ ಕೆಟ್ಟವರಾಗುವಷ್ಟು ಧೈರ್ಯವೂ ಇರುವುದಿಲ್ಲ.

"ಗೆರೆ ಇರೋ ಕಡೆ ಒಳಕ್ಕೆ, ನುಣ್ಣಗಿರೋ ಕಡೆ ಹೊರಕ್ಕೆ," ಎಂದು ಸಣ್ಣಕೈ ಬೆಲ್ಟು ತೋರಿಸಿದಳು.

"ಯಾವ ಒಳಕ್ಕೆ?"

"ಒಳಕ್ಕೆ ಅಂದ್ರೆ ಒಳಕ್ಕೆ. ನಿಮ್ಮ ಬನಿಯನ್ನು ಯಾವ ಕಡೆ ಹಾಕ್ತೀರಿ? ಹಾಗೆ."

ಇಸ್ತ್ರಿ ನಾಚಿಕೊಂಡು ಅಂಗೈಯಲ್ಲಿ ಪೆನ್ನಿನಿಂದ ಚಿತ್ರ ಬರೆದುಕೊಂಡ. ಆರು ಸೊನ್ನೆ, ಅವುಗಳನ್ನು ಸುತ್ತುವ ಒಂದು ಗೆರೆ. ಅತ್ತ ಕಡೆ ಸೊಟ್ಟ ಬಾಗಿಲೊಂದನ್ನು ಬಡಿದು ನೇರ ಮಾಡುತ್ತಿದ್ದ ತಗಡಣ್ಣ ಸುತ್ತಿಗೆ ನಿಲ್ಲಿಸಿ ಇಣುಕಿದ. ಡೆಂಟು ತೆಗೆಯುವುದರಲ್ಲಿ ಅವನದೇ ದೊಡ್ಡ ಕೈ.

"ಇಂಜಿನಿಯರೇ, ಮೆಹಂದಿ ಚೆನ್ನಾಗಿದೆ. ಮದುವೆ ಯಾವಾಗ?" ಎಂದ.

ಇಸ್ತ್ರಿ ಕೈ ಮುಚ್ಚಿಕೊಂಡ. ಗುಂಡಿಯೊಳಗಿಂದ ಸಣ್ಣಕೈ ಲೋಹದ ಮೇಲೆ ಒಂದು ಸಲ ತಟ್ಟಿದರೆ ತಡೆಯಬೇಕು, ಎರಡು ಸಲ ತಟ್ಟಿದರೆ ಕೆಲಸ ಮುಗಿಯಿತು ಎಂದು ಇಬ್ಬರೂ ಮಾತಾಡಿಕೊಂಡರು. ಇದನ್ನು ಮಾತ್ರ ಇಸ್ತ್ರಿ ಕೈಯಲ್ಲಿ ಬರೆದುಕೊಳ್ಳಲಿಲ್ಲ. ಒಂದು, ಎರಡು ಎಣಿಸಲು ಬರುತ್ತದೆ ಎಂದ.

ಪಾಠದ ಮೂರನೇ ಸಂಜೆ ಮನೆಯಲ್ಲಿ ಸಣ್ಣಕೈ ಬಟ್ಟೆಸೋಪು ತಿಕ್ಕಿ ತಿಕ್ಕಿ ಕೈ ತೊಳೆಯುತ್ತಿದ್ದಾಗ ಅತ್ತೆ ಗೋಡೆಗೊರಗಿ ಕಾಲು ಚಾಚಿಕೊಂಡು ನೋಡುತ್ತಿದ್ದಳು.

"ಸಾಕು ಬಿಡೇ, ಚರ್ಮ ಕಿತ್ತು ಬರತ್ತೆ. ಕಪ್ಪು ಕೈಯಲ್ಲಿ ಕಲಸಿದ್ರೂ ಅನ್ನ ಬೆಳ್ಳಗೇ ಇರತ್ತೆ."

"ಅತ್ತೆ, ಯಜಮಾನ್ರು ನನ್ನನ್ನ ಮೆಕ್ಯಾನಿಕ್ ಅಂತ ಬರೀತಾರಂತೆ."

"ಹೌದಾ? ಇವನಪ್ಪ ನಂಗೂ ಹೇಳಿದ್ದ, ಕೋಲು ಸಿಕ್ಕಿಸಿದ ಉದ್ದನೇ ಪೊರಕೆ ತರಿಸ್ತೀನಿ, ನೀನು ಬಗ್ಗೋದು ತಪ್ಪತ್ತೆ ಅಂತ. ಮುಂದಿನ ವಾರ ಅಂದಿದ್ದ." ಅತ್ತೆ ತನ್ನ ಮಂಡಿಯನ್ನು ಸವರಿದಳು. "ಇನ್ನೂ ಆ ಮುಂದಿನ ವಾರ ಬಂದಿಲ್ಲ. ಪಾಪ, ದಾರಿ ತಪ್ಪಿರ್ಬೇಕು."

ಸಣ್ಣಕೈ ನಗಲಿಲ್ಲ. ಗುಂಡಿಯ ಏರ್ಪಾಡನ್ನೂ ಹೇಳಿದಳು. ಅತ್ತೆ ಗೋಡೆ ಬಿಟ್ಟು ಹತ್ತಿರ ಸರಿದಳು.

"ನಿನ್ನ ಆ ಬೆಲ್ಟು ಹೇಗಿರತ್ತೆ, ನಂಗೂ ಒಂದ್ಸಲ ತೋರ್ಸು."

ಸಣ್ಣಕೈ ನೆಲದ ಮೇಲೆ ಐದು ಲೋಟಗಳನ್ನು ಬೋರಲು ಹಾಕಿ, ಲಂಗದ ಲಾಡಿಯನ್ನು ಗಂಟು ಹಾಕಿ ಅವುಗಳ ಸುತ್ತ ಸುತ್ತಿದಳು. ಇದು ನೀರಿನದು, ಇದು ಕರೆಂಟಿನದು, ಇದು ತಣ್ಣನೆ ಗಾಳಿಯದು. ಕೊನೆಯ ಲೋಟವನ್ನು ಹೊರಕ್ಕೆ ಎಳೆದು ಹಿಡಿದಾಗ ಲಾಡಿ ಬಿಗಿಯಾಯಿತು.

"ಇದನ್ನ ಬಿಟ್ರೆ ಎಲ್ಲಾ ಸಡಿಲ," ಎಂದಳು ಅತ್ತೆ.

"ಅದೇ ಟೆನ್ಷನರ್."

"ನಮ್ಮನೇಲಿ ನೀನಿದ್ದ ಹಾಗೆ." ಅತ್ತೆ ಮುಂದಕ್ಕೆ ಬಾಗಿ ಲಾಡಿಯನ್ನು ಪೂರ್ತಿ ಬಿಚ್ಚಿ, ಮತ್ತೆ ಅದೇ ದಾರಿಯಲ್ಲಿ ತಾನೇ ಸುತ್ತಿದಳು. ಒಂದೂ ತಪ್ಪಲಿಲ್ಲ.

"ಅತ್ತೆ, ಆ ಇಂಜಿನಿಯರಿಗೆ ಮೂರು ದಿನದಿಂದ ಬಂದಿಲ್ಲ ಇದು."

"ಅವನಿಗೆ ಕೋಟಿದೆಯಲ್ಲೇ. ಕಲಿಯೋ ಕರ್ಮ ಏನಿದೆ ಅವನಿಗೆ," ಎಂದಳು ಅತ್ತೆ. ಲಾಡಿಯನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡು, ನಗುತ್ತಲೇ, "ಗುಂಡಿಯೊಳಗೆ ಜೋಪಾನ. ಮೇಲೆ ನಿಂತೋರಿಗೆ ಕೆಳಗಿರೋದು ಮರ್ತೋಗತ್ತೆ," ಎಂದಳು.

ಪರೀಕ್ಷೆಯ ದಿನ ಯಜಮಾನ ಗ್ಯಾರೇಜನ್ನು ಮದುವೆಮನೆಯಂತೆ ತೊಳೆಸಿದ. ತೊಳೆದವಳು ಸಣ್ಣಕೈ. ಆ ವಾರ ಹೊಸ ಬೆಲ್ಟು ಹಾಕಿಸಿಕೊಂಡಿದ್ದ ನಾಲ್ಕು ಕಾರುಗಳನ್ನು ಪರೀಕ್ಷಕನ ಕಣ್ಣಿಗೆ ಬೀಳಲೆಂದು ಸಾಲಾಗಿ ನಿಲ್ಲಿಸಿದ್ದ. ಅವುಗಳ ಒಡೆಯರು ಮಧ್ಯಾಹ್ನ ಬಂದು ಕಾರು ಒಯ್ಯುವವರಿದ್ದರು. ಐದನೆಯದು ಪರೀಕ್ಷೆಯ ಕಾರು. ಅದು ಗುಂಡಿಯ ಮೇಲೆ ನಿಂತಿತ್ತು. ಅದರ ಬೆಲ್ಟಿನಲ್ಲಿ ಬಿರುಕು ಬಿಟ್ಟಿತ್ತು, ಸ್ಟಾರ್ಟ್ ಮಾಡಿದರೆ ಹಂದಿಮರಿಯಂತೆ ಕಿರುಚುತ್ತಿತ್ತು.

ಪರೀಕ್ಷಕ ಹತ್ತು ಗಂಟೆಗೆ ಬಂದ. ಸೊಂಟ ನೋವಿಗೆ ಅಂಗಿಯ ಮೇಲೆ ಅಗಲವಾದ ಪಟ್ಟಿ ಕಟ್ಟಿಕೊಂಡಿದ್ದ. ಬೆಲ್ಟು ನೋಡಲು ಬಂದವನೇ ಬೆಲ್ಟಿನ ಬಿಗಿಯಲ್ಲಿ ನಿಂತದ್ದು ನೋಡಿ ತಗಡಣ್ಣ ಮುಖ ತಿರುಗಿಸಿ ಕೆಮ್ಮಿದ. "ಡಾಕ್ಟ್ರು ಬಗ್ಗಬೇಡಿ ಅಂದಿದ್ದಾರೆ," ಎಂದ ಪರೀಕ್ಷಕ. ಆ ಮಾತು ಕೇಳಿ ಯಜಮಾನನಿಗೆ ಡಾಕ್ಟರ ಮೇಲೆ ಬಹಳ ಗೌರವ ಬಂತು.

ಸಣ್ಣಕೈ ಆಗಲೇ ಗುಂಡಿಯಲ್ಲಿದ್ದಳು. ಅಲ್ಲಿಂದ ಅವಳಿಗೆ ಲೋಕವೆಂದರೆ ಮೂರು ಜೊತೆ ಬೂಟು. ಯಜಮಾನನದು ಮಿಂಚುವಂಥದ್ದು, ಇಸ್ತ್ರಿಯದು ಬಿಳಿ ಕ್ಯಾನ್ವಾಸು, ಪರೀಕ್ಷಕನದು ಒಂದರ ಲೇಸು ಬಿಚ್ಚಿಕೊಂಡಿತ್ತು. ಬಗ್ಗುವಂತಿರಲಿಲ್ಲವಲ್ಲ, ಪಾಪ.

ಅವಳು ಕೆಲಸ ಶುರುಮಾಡಿದಳು. ಸ್ಪ್ಯಾನರ್ ಒತ್ತಿ ಹಳೇ ಬೆಲ್ಟು ಬಿಚ್ಚಿದಳು. ಒಂದೊಂದೇ ಪುಲ್ಲಿಯನ್ನು ಬೆರಳಿಂದ ತಿರುಗಿಸಿ ನೋಡಿದಳು. ನೀರಿನದು ನುಣ್ಣಗೆ ತಿರುಗಿತು. ಕರೆಂಟಿನದು ಸರಿಯಿತ್ತು. ಟೆನ್ಷನರಿನ ಪುಲ್ಲಿ ಮಾತ್ರ ಒಳಗೆ ಮರಳು ತುಂಬಿದಂತೆ ಕರಕರ ಎಂದಿತು. ಅದರ ಬೇರಿಂಗು ಹೋಗಿತ್ತು. ಇದನ್ನು ಬಿಟ್ಟು ಬರೀ ಬೆಲ್ಟು ಬದಲಿಸಿದರೆ ಹೊಸ ಬೆಲ್ಟೂ ನಾಲ್ಕು ದಿನದಲ್ಲಿ ಹರಿಯುತ್ತಿತ್ತು. ಅವಳು ಕೆಳಗಿನಿಂದ ಇಸ್ತ್ರಿಗೆ ಮೆಲ್ಲಗೆ, "ಹೊಸ ಟೆನ್ಷನರ್ ಕೊಡಿ," ಎಂದಳು. ಇಸ್ತ್ರಿ ಯಾರಿಗೂ ಕಾಣದಂತೆ ಅದನ್ನು ಸಂದಿಯೊಳಗೆ ಬಿಟ್ಟ. ಅದು ಬಂದು ಅವಳ ಹೆಗಲಿಗೆ ಬಡಿಯಿತು.

"ಬೇವರ್ಸಿ," ಎಂದಳು ಸಣ್ಣಕೈ, ಪಿಸುಮಾತಿನಲ್ಲಿ.

"ಏನಂದ್ರಿ?" ಎಂದ ಪರೀಕ್ಷಕ.

"ಬೇರಿಂಗು, ಬೇರಿಂಗು ಸಾರ್," ಎಂದ ಇಸ್ತ್ರಿ. ಸಮಯಕ್ಕೆ ತಲೆ ಓಡಿದ್ದು ಅವನ ಜೀವನದಲ್ಲಿ ಅದೇ ಮೊದಲು.

"ಹಳೇ ಬೆಲ್ಟು ಯಾಕೆ ಕೂಗ್ತಿತ್ತು ಹೇಳಿ."

ಇಸ್ತ್ರಿ ಅಂಗೈ ನೋಡಿಕೊಂಡ. ಬೆವರಿಗೆ ಆರು ಸೊನ್ನೆಗಳೂ ಕರಗಿ ಒಂದೇ ನೀಲಿ ಕೆರೆಯಾಗಿದ್ದವು.

"ವಯಸ್ಸಾಗಿತ್ತು ಸಾರ್."

"ಹ್ಞಾಂ," ಎಂದು ಪರೀಕ್ಷಕ ತನ್ನ ಸೊಂಟ ಮುಟ್ಟಿಕೊಂಡು ಬರೆದುಕೊಂಡ. ಅವನಿಗೆ ಆ ಉತ್ತರ ಮನಸ್ಸಿಗೆ ನಾಟಿತು.

ಟೆನ್ಷನರ್ ಕೂರಿಸಿ ಸಣ್ಣಕೈ ಹೊಸ ಬೆಲ್ಟನ್ನು ದಾರಿಯಲ್ಲಿ ಸುತ್ತಿದಳು. ಕೊನೆಯ ಸುತ್ತು ಏರಿತು. ಮೇಸ್ತ್ರಿ ಕಲಿಸಿದಂತೆ ಪ್ರತಿ ಪುಲ್ಲಿಯ ಮೇಲೂ ಬೆರಳಾಡಿಸಿ ನೋಡಿದಳು. ಎಲ್ಲಕ್ಕಿಂತ ಕೆಳಗಿನ ದೊಡ್ಡ ಪುಲ್ಲಿಯಲ್ಲಿ ಬೆಲ್ಟು ಒಂದು ಗೆರೆಯಷ್ಟು ಪಕ್ಕಕ್ಕೆ ಕೂತಿತ್ತು. ಕಣ್ಣಿಗೆ ಕಾಣುವಂಥದ್ದಲ್ಲ. ಹಾಗೇ ಓಡಿಸಿದರೆ ಅಂಚು ಸವೆದು ಎಲ್ಲೋ ರಸ್ತೆಯ ನಡುವೆ ಹರಿದು, ಸ್ಟಿಯರಿಂಗು ಕಲ್ಲಾಗಿ ಕೂರುತ್ತಿತ್ತು. ಅವಳು ಬಲಗೈಯಲ್ಲಿ ಸ್ಪ್ಯಾನರ್ ಒತ್ತಿ, ಎಡಗೈಯ ಎರಡು ಬೆರಳನ್ನು ಬೆಲ್ಟಿಗೂ ಪುಲ್ಲಿಗೂ ನಡುವೆ ತೂರಿಸಿ ಸರಿಸತೊಡಗಿದಳು.

ಮೇಲೆ ಪರೀಕ್ಷಕ ಗಡಿಯಾರ ನೋಡಿದ. "ಆಯ್ತಲ್ಲ? ಸ್ಟಾರ್ಟ್ ಮಾಡಿ, ಸದ್ದು ಕೇಳೋಣ."

ಸಣ್ಣಕೈ ಒತ್ತಿದ್ದ ಸ್ಪ್ಯಾನರನ್ನು ಕಳಚಿ ಅದರ ಹಿಡಿಯಿಂದ ಒಂದು ಸಲ ತಟ್ಟಿದಳು. ಬಿಗಿಯಾದ ಬೆಲ್ಟು ಬೆರಳು ಕಚ್ಚಿತು.

ಬಿಳಿ ಬೂಟುಗಳು ಅಲುಗಲಿಲ್ಲ.

"ಮಾಡೋ, ಸಾರ್ ಹೇಳ್ತಾ ಇದ್ದಾರೆ," ಎಂದ ಯಜಮಾನ.

ಅವಳು ಮತ್ತೆ ಒಂದು ಸಲ ತಟ್ಟಿದಳು, ಇನ್ನೂ ಜೋರಾಗಿ. ಅದು ಕೇಳಿಸದಿರಲೆಂದು ಯಜಮಾನ ಗಟ್ಟಿಯಾಗಿ ಕೆಮ್ಮಿದ. ಬಿಳಿ ಬೂಟುಗಳು ಒಂದು ಹೆಜ್ಜೆ ಹೋಗಿ ನಿಂತವು, ಮತ್ತೆ ಒಂದು ಹೆಜ್ಜೆ ಹೋದವು. ಕಾರಿನ ಬಾಗಿಲು ತೆಗೆದ ಸದ್ದಾಯಿತು. ಸೀಟಿನ ಭಾರಕ್ಕೆ ಕಾರು ಅವಳ ತಲೆಯ ಮೇಲೆ ಎರಡು ಬೆರಳಷ್ಟು ತಗ್ಗಿತು. ಕೀಲಿ ಸಿಕ್ಕಿಸಿ ಒಂದು ಸುತ್ತು ತಿರುಗಿಸಿದ್ದೂ ಅವಳಿಗೆ ಗೊತ್ತಾಯಿತು. ಹಿಂದುಗಡೆ ಟ್ಯಾಂಕಿನೊಳಗೆ ಪೆಟ್ರೋಲ್ ಪಂಪು ಗುಂಯ್ ಎಂದಿತು. ಕೀಲಿ ಇನ್ನೊಂದು ಸುತ್ತು ತಿರುಗಿದರೆ ಇಂಜಿನ್ನು. ಬೆರಳು ಎಳೆದುಕೊಳ್ಳೋಣವೆಂದರೆ ಬೆಲ್ಟು ಹಿಡಿದಿತ್ತು.

"ಕೈ ಒಳಗಿದೆ," ಎಂದಳು ಸಣ್ಣಕೈ. ಕಿರುಚಲಿಲ್ಲ. ಆದರೆ ಆ ದನಿ ಗುಂಡಿಯ ನಾಲ್ಕು ಗೋಡೆಗೂ ತಾಗಿ ಮೇಲೆ ಬಂತು. "ನನ್ನ ಕೈ ಒಳಗಿದೆ."

ತಗಡಣ್ಣನ ಸುತ್ತಿಗೆ ನಿಂತಿತು. ಕಾರಿನಲ್ಲಿ ಇಸ್ತ್ರಿ ಕೀಲಿ ಬಿಟ್ಟು ಎರಡೂ ಕೈ ಮೇಲೆತ್ತಿದ.

"ರೇಡಿಯೋ ಸಾರ್," ಎಂದ ಯಜಮಾನ.

"ರೇಡಿಯೋ ಗುಂಡಿಯಿಂದ ಬರತ್ತಾ?" ಎಂದ ಪರೀಕ್ಷಕ.

ಸಣ್ಣಕೈ ಮೊದಲು ಮತ್ತೆ ಸ್ಪ್ಯಾನರ್ ಒತ್ತಿ ಬೆಲ್ಟನ್ನು ಅದರ ಗೆರೆಯೊಳಗೆ ಸರಿಯಾಗಿ ಕೂರಿಸಿದಳು. ಆಮೇಲೆ ಬೆರಳು ಬಿಡಿಸಿಕೊಂಡಳು. ಎರಡು ಬೆರಳಿನ ಗೆಣ್ಣಿನ ಮೇಲೂ ಕಪ್ಪು ಬರೆ ಬಿದ್ದಿತ್ತು. ಏಣಿ ಹತ್ತಿ ಮೇಲೆ ಬಂದಳು. ಮೈಯೆಲ್ಲ ಎಣ್ಣೆ, ತಲೆಯ ಮೇಲೆ ಜಿಡ್ಡಿನ ಮಣ್ಣು. ಕಾರಿನ ಕಿಟಕಿಯ ಹತ್ತಿರ ಹೋಗಿ ಇಸ್ತ್ರಿಯನ್ನು ನೋಡಿದಳು.

"ಒಂದು ಸಲ ತಟ್ಟಿದ್ದು ಕೇಳಿಸ್ತಾ?"

ಇಸ್ತ್ರಿ ತಲೆ ತಗ್ಗಿಸಿದ. "ಕೇಳಿಸ್ತು. ಭಾವ ಮಾಡು ಅಂದ್ರು."

"ಎರಡನೇ ಸಲದ್ದು?"

"ಅದೂ ಕೇಳಿಸ್ತು."

ಅವಳು ಕಾರಿನ ಬಾಗಿಲು ಹಿಡಿದುಕೊಂಡು ನಿಂತಳು. ಯಜಮಾನ ಹತ್ತಿರ ಬಂದು ಹಲ್ಲು ಕಚ್ಚಿ, ಪರೀಕ್ಷಕನಿಗೆ ಕೇಳಿಸದಂತೆ ಬೈದ.

"ಮುಂಡೇದೆ, ಮುಂಚೇನೇ ಕೈ ಎಳ್ಕೊಂಡು ಸಾಯೋಕೆ ಏನಾಗಿತ್ತು ನಿಂಗೆ? ನನ್ನ ಮಾನ ತೆಗೆದ್ಯಲ್ಲೇ." ಪರೀಕ್ಷಕನ ಕಡೆ ತಿರುಗುವಷ್ಟರಲ್ಲಿ ಮುಖದಲ್ಲಿ ನಗು ಮೂಡಿತ್ತು. "ಕಸ ಗುಡಿಸೋಳು ಸಾರ್. ಗುಂಡಿ ಕ್ಲೀನ್ ಮಾಡ್ತಿದ್ಲು. ಎಲ್ಲೆಲ್ಲೋ ಕೈ ಹಾಕೋ ಚಟ."

"ಬೆಲ್ಟು ಹಾಕಿದ್ದು ನಾನು ಸಾರ್," ಎಂದಳು ಸಣ್ಣಕೈ. "ಇದೂ ನಾನೇ, ಆ ನಾಲ್ಕೂ ನಾನೇ. ನನ್ನ ಹೆಸರು ಬರ್ಕೊಳ್ಳಿ."

ಪರೀಕ್ಷಕ ಕೈಯಲ್ಲಿದ್ದ ಕಾಗದವನ್ನು ಮೇಲಿನಿಂದ ಕೆಳಗೆ ಓದಿದ. ಅವನಿಗೆ ಎಲ್ಲವೂ ಅರ್ಥವಾಗಿತ್ತು. ಅರ್ಥವಾದದ್ದು ತೊಂದರೆಯೂ ಆಗಿತ್ತು.

"ನಿಮ್ಮ ಹೆಸರು ಇದರಲ್ಲಿಲ್ಲಮ್ಮ."

"ಅದಕ್ಕೇ ಬರ್ಕೊಳ್ಳಿ ಅಂತಿರೋದು."

"ಯಜಮಾನರು ಕಳಿಸಿದ ಹೆಸರು ಮಾತ್ರ ನನಗೆ ಲೆಕ್ಕ. ನಾನು ಸೇರ್ಸೋ ಹಾಗಿಲ್ಲ."

"ಕಣ್ಣಾರೆ ನೋಡಿದ್ರಲ್ಲ ಸಾರ್."

"ಕಣ್ಣಾರೆ ನೋಡಿದ್ದು ಇಂಜಿನಿಯರನ್ನ," ಎಂದ ಪರೀಕ್ಷಕ, ಮೃದುವಾಗಿ. "ನೀವು ಗುಂಡೀಲಿದ್ರಿ. ನನಗೆ ಬಗ್ಗೋಕೆ ಆಗಲ್ಲವಲ್ಲ."

ಯಜಮಾನನ ಮುಖ ಅರಳಿತು. "ಹೋಗು, ಮುಖ ತೊಳ್ಕೋ ಹೋಗು," ಎಂದ.

ಸಣ್ಣಕೈ ಒಂದು ಗಳಿಗೆ ನಿಂತಳು. ತನ್ನ ಎರಡು ಬೆರಳನ್ನು ಮಡಚಿ ಬಿಡಿಸಿ ನೋಡಿಕೊಂಡಳು. ನೋಯುತ್ತಿದ್ದವು, ಆದರೆ ಮಡಚುತ್ತಿದ್ದವು. ಆಮೇಲೆ ಅವಳು ನಲ್ಲಿಯ ಕಡೆ ಹೋಗಲಿಲ್ಲ. ಉದ್ದನೆಯ ಸ್ಪ್ಯಾನರ್ ಎತ್ತಿಕೊಂಡು ಸಾಲಿನ ಮೊದಲ ಕಾರಿನ ಹತ್ತಿರ ಹೋಗಿ ಬಾನೆಟ್ಟು ಎತ್ತಿದಳು.

"ಏಯ್, ಅಲ್ಲೇನೇ ಕೆಲಸ?"

"ಇಲ್ಲಿ ಬೆಲ್ಟು ಹಾಕೋಳು ನಾನಲ್ಲ ಅಂತ ಕಾಗದ ಹೇಳತ್ತೆ ಯಜಮಾನ್ರೇ. ಅಷ್ಟು ದೊಡ್ಡ ಕಾಗದ ಸುಳ್ಳಾಗಬಾರದು."

ಕೈ ಇಳಿಸಿ, ಟೆನ್ಷನರ್ ಒತ್ತಿ, ಬೆಲ್ಟು ಬಿಚ್ಚಿ ಹೊರಗೆಳೆದಳು. ಅದನ್ನು ಹರಿಯಲಿಲ್ಲ, ಬಿಸಾಡಲಿಲ್ಲ. ಮಡಿಕೆ ಬೀಳದಂತೆ ಸುತ್ತಿ ಇಸ್ತ್ರಿಯ ತೋಳಿಗೆ ತೂಗುಹಾಕಿದಳು. "ನಿಮ್ದು. ಹಾಕ್ಕೊಳ್ಳಿ." ಎರಡನೇ ಕಾರಿಗೆ ಹೋದಳು. ಇಸ್ತ್ರಿಯ ಬಿಳಿ ತೋಳಿನ ಮೇಲೆ ಮೊದಲ ಕಪ್ಪು ಗೀಟು ಬಿತ್ತು. ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ.

ಮೂರನೇ ಕಾರಿನ ಹತ್ತಿರ ಯಜಮಾನನ ತಾಳ್ಮೆ ಮುಗಿಯಿತು. ಪರೀಕ್ಷಕನಿದ್ದಾನೆ ಎಂಬುದನ್ನೂ ಮರೆತು, "ಹಲ್ಕಾ ಮುಂಡೆ," ಎನ್ನುತ್ತ ಅವಳ ಜಡೆಗೆ ಕೈ ಹಾಕಲು ನುಗ್ಗಿದ. ಆಗ ತಗಡಣ್ಣ ಸುತ್ತಿಗೆ ಹಿಡಿದುಕೊಂಡೇ ಬಂದು ನಡುವೆ ನಿಂತ. ಸುತ್ತಿಗೆ ಎತ್ತಲಿಲ್ಲ. ಕೆಳಗಿಡಲೂ ಇಲ್ಲ.

"ಎಳೀಬೇಡಿ ಯಜಮಾನ್ರೇ," ಎಂದ. "ಅವಳ ಕೈ ಒಳಗಿದೆ."

ಯಜಮಾನ ಸುತ್ತಿಗೆ ನೋಡಿದ, ಪರೀಕ್ಷಕನನ್ನು ನೋಡಿದ. ಪರೀಕ್ಷಕ ಗೋಡೆಯ ಮೇಲಿದ್ದ ಟೈರಿನ ಜಾಹೀರಾತನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದ. ಯಜಮಾನ ಕೈ ಕೆಳಗಿಳಿಸಿದ.

ಮೂರನೆಯದು, ನಾಲ್ಕನೆಯದು, ಕೊನೆಗೆ ಗುಂಡಿಯ ಮೇಲಿನದು. ಅದಕ್ಕೆ ಅವಳು ಗುಂಡಿಗೆ ಇಳಿಯಲಿಲ್ಲ. ಎಲ್ಲರ ಕಣ್ಣೆದುರಿಗೆ ಮೇಲಿನಿಂದಲೇ ಕೈ ಬಿಟ್ಟಳು. ಸಂದಿ ಎಷ್ಟು ಕಿರಿದೆಂದರೆ ಹೆಗಲು ಇಂಜಿನ್ನಿಗೆ ಒತ್ತಿ, ಕೆನ್ನೆ ಬಿಸಿ ತಗಡಿಗೆ ತಾಗಿತು. ಬೆಲ್ಟು ಬಂತು. ಇಸ್ತ್ರಿಯ ತೋಳಿನಲ್ಲೀಗ ಐದು ಬೆಲ್ಟುಗಳಾದವು. ಅವನು ಒಂದನ್ನು ತೆಗೆದು, ಗೆರೆಯಿದ್ದ ಕಡೆಯನ್ನೂ ನುಣ್ಣಗಿದ್ದ ಕಡೆಯನ್ನೂ ತಿರುಗಿಸಿ ತಿರುಗಿಸಿ ನೋಡಿದ. ಎತ್ತಿ ನಿಲ್ಲಿಸಿದ ಐದು ಬಾನೆಟ್ಟುಗಳು ಬಾಯಿ ತೆರೆದುಕೊಂಡು ಅವನತ್ತ ನೋಡುತ್ತಿದ್ದವು.

"ನಾನು ಇನ್ನೊಂದಿನ ಬರ್ತೀನಿ," ಎಂದ ಪರೀಕ್ಷಕ. ಬಿಚ್ಚಿದ ಲೇಸಿನ ಮೇಲೆ ತಾನೇ ಕಾಲಿಟ್ಟು ಒಂದು ಸಲ ಮುಗ್ಗರಿಸಿ, ಯಾರೂ ಹಿಡಿದುಕೊಳ್ಳದ್ದರಿಂದ ತಾನೇ ಸುಧಾರಿಸಿಕೊಂಡು ಹೋದ.

ಅವನು ಹೋಗುವುದಕ್ಕೂ ನಾಲ್ಕು ಕಾರುಗಳ ಪೈಕಿ ಒಂದರ ಒಡೆಯ ಗೇಟಿನಲ್ಲಿ ಆಟೋದಿಂದ ಇಳಿಯುವುದಕ್ಕೂ ಸರಿಹೋಯಿತು. ಒಡೆಯನ ಹಿಂದೆ ಅವನ ಹೆಂಡತಿ, ಎರಡು ಸೂಟ್‌ಕೇಸು. ಎಲ್ಲೋ ದೂರ ಹೊರಟವರು.

ಯಜಮಾನ ಗೇಟಿನ ಕಡೆ ನೋಡಿದ. ಬೆಲ್ಟು ಹಿಡಿದು ನಿಂತ ಭಾಮೈದನನ್ನು ನೋಡಿದ. ಆಮೇಲೆ ಮೆಲ್ಲಗೆ, ನೆಲ ಒದ್ದೆಯಾಗಿದ್ದ ನಲ್ಲಿಯ ಕಡೆ ನಡೆದ. ಮಿಂಚುವ ಬೂಟಿಗೆ ಕೆಸರು ಹತ್ತಿತು. ಸಣ್ಣಕೈ ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೈಗೆ ಸೋಪು ತಿಕ್ಕುತ್ತಿದ್ದಳು.

"ಏನೇ ಬೇಕು ನಿಂಗೆ?" ಎಂದ. ದನಿ ತಗ್ಗಿತ್ತು. "ಹೇಳು. ಬೇಗ ಹೇಳು, ಜನ ಬಂದ್ರು."

"ಹೀಗೆ ನಿಂತ್ಕೊಂಡು ಹೇಳೋ ಮಾತಲ್ಲ ಯಜಮಾನ್ರೇ," ಎಂದಳು ಅವಳು ತಲೆ ಎತ್ತದೆ. "ಕೂತ್ಕೊಂಡು ಮಾತಾಡೋಣ. ಎರಡು ಕುರ್ಚಿ ತರ್ಸಿ."

ಯಜಮಾನ ಎಂದಿನ ಅಭ್ಯಾಸದಲ್ಲಿ ಗ್ಯಾರೇಜಿನ ಒಳಗೆ ತಿರುಗಿ, "ಏಯ್, ಕುರ್ಚಿ," ಎಂದು ಕೂಗಿದ.

ಯಾರೂ ಬರಲಿಲ್ಲ. ಆ ಗ್ಯಾರೇಜಿನಲ್ಲಿ ಕುರ್ಚಿ ತಂದು ಹಾಕುತ್ತಿದ್ದವಳು ಅವಳೊಬ್ಬಳೇ. ಅವಳಿಗೆ ಇನ್ನೂ ಎಡಗೈ ತೊಳೆಯುವುದಿತ್ತು.